ನಿಂತರೆ ಕುದಿಯುವ ಗಾಡಿ

ಹೆಸರು: ಕಲ್ಲಣ್ಣ ಚನ್ನವೀರಪ್ಪ ಬಿರಾದಾರ. ವಯಸ್ಸು: ಆಧಾರ ಕಾರ್ಡಿನಂತೆ 52, ನಮ್ಮವ್ವ ಹೇಳುವಂತೆ 54. ಉದ್ಯೋಗ: ಕಾರು ರಿಪೇರಿ, ಕೇಳಿದವರಿಗೂ ಕೇಳದವರಿಗೂ ಸಲಹೆ. ವಾಸ: ತಡವಳ, ತಾಲೂಕು ಅಕ್ಕಲಕೋಟ, ಜಿಲ್ಲಾ ಸೋಲಾಪುರ.

ಹವಾಲ್ದಾರ ಅಂಬಾದಾಸ ಅವರ ಎದುರು ಕೂತು ಈ ಮೂಲಕ ತಿಳಿಸುವುದೇನೆಂದರೆ, ನಮ್ಮೂರ ಮೈಲಾರಲಿಂಗನು ತನ್ನ ತಂದೆ ಅಣ್ಣಾರಾಯರು ನನ್ನ ಕೆಟ್ಟ ರಿಪೇರಿಯಿಂದ ತೀರಿಕೊಂಡರೆಂದು ದೂರು ಕೊಟ್ಟಿದ್ದಾನೆ. ಅಣ್ಣಾರಾಯರು ಜೀವಮಾನವಿಡೀ ಕುರಿಗಳ ಹಿಂದೆ ನಡೆದವರು. ಕಾರಿನಲ್ಲಿ ಕೂತರೆ ಕಾಲು ಎಲ್ಲಿಡಬೇಕೆಂದು ಒಮ್ಮೆ ನನ್ನನ್ನೇ ಕೇಳಿದ್ದರು.

ದಿನಾಂಕ 7 ಮೇ 2023, ರವಿವಾರ, ಬೆಳಿಗ್ಗೆ 10-30ಕ್ಕೆ ಮೈಲಾರಲಿಂಗನು, ಗುರುವಾರ ಅಪ್ಪನನ್ನು ಸೋಲಾಪುರದ ದವಾಖಾನೆಗೆ ಒಯ್ಯುವುದಿದೆಯೆಂದು ತನ್ನ ಹಳೇ ಕಾರು ತಂದನು. ಆಯಿಲ್ ಬದಲಿಸಿದೆನು. ರೇಡಿಯೇಟರಿಗೆ ನೀರು ತುಂಬಿ, ಅದರ ಹಿಂದಿನ ಫ್ಯಾನ್ ತಿರುಗುವುದನ್ನು ಕಣ್ಣಾರೆ ನೋಡಿದೆನು. 1-15ಕ್ಕೆ ಊಟಕ್ಕೆ ಹೋದೆನು. ಆಗ ಅವನ ತಾಯಿ ಸೋಮವ್ವ ವೈನಿ ಬಂದು, ತೆರೆದ ಬಾನೆಟ್ಟಿನೊಳಗೇ ಬೀರೋಬ ದೇವರ ಭಂಡಾರದ ಅರಿಷಿಣ ಹಾಕಿ ಗಾಡಿಯ ಪೂಜೆ ಮಾಡಿದರು. ಇದರಲ್ಲಿ ಆಕ್ಷೇಪವಿಲ್ಲ. ನಮ್ಮ ಭಾಗದ ಅರ್ಧ ಎಂಜಿನ್ನುಗಳು ಹಳದಿಯೇ ಇವೆ.

ದಿನಾಂಕ 11, ಗುರುವಾರ, ಮಧ್ಯಾಹ್ನ 12-05ಕ್ಕೆ, ಅಕ್ಕಲಕೋಟ ದಾಟಿ 8 ಕಿ.ಮೀ. ಮೇಲೆ ಜೋಳದ ಕಣಕಿ ತುಂಬಿದ ಲಾರಿ ಅಡ್ಡ ಬಿದ್ದು ದಾರಿ ಬಂದ್ ಆಗಿತ್ತು. ಮುಂಜಾನೆಯಿಂದ ಎದೆನೋವಿದ್ದ ಅಪ್ಪನಿಗೆ ಸೆಕೆ ಆಗಬಾರದೆಂದು ಮೈಲಾರಲಿಂಗನು ಎಸಿ ಹಚ್ಚಿ, ಎಂಜಿನ್ ಚಾಲೂ ಇಟ್ಟೇ ನಿಂತನು. 25 ನಿಮಿಷಕ್ಕೆ ಗಾಡಿ ಉಗಿ ಕಾರಿ ಬಂದ್ ಬಿತ್ತು. ಬೇರೆ ಜೀಪು ಸಿಗಲು 40 ನಿಮಿಷ ಹೋದವು. ಅಣ್ಣಾರಾಯರು ಜೀಪಿನಲ್ಲಿ ತೀರಿಕೊಂಡರು.

ದಿನಾಂಕ 12ರಂದು ಬೆಳಿಗ್ಗೆ 9-20ಕ್ಕೆ ಗಾಡಿಯನ್ನು ಎಳೆದು ನನ್ನ ಗ್ಯಾರೇಜಿಗೇ ತಂದರು. ಊರಲ್ಲಿ ಬೇರೆ ಮೆಕ್ಯಾನಿಕ್ ಇಲ್ಲದ್ದರಿಂದ ಆರೋಪಿಯೇ ತಪಾಸಣೆ ಮಾಡಬೇಕಾಯಿತು. ಅಂಬಾದಾಸ ಅವರು ಕುರ್ಚಿ ಹಾಕಿಕೊಂಡು ಕಾದರು. ಮೈಲಾರಲಿಂಗನು, ಕಾಕಾ, ನಾ ಗಾಡಿ ಕೊಟ್ಟಿದ್ನಿ, ನೀ ಚಾದ ಕಿಟ್ಲಿ ಮಾಡಿ ಕೊಟ್ಟಿ ಎಂದನು. ನಾನು ಬಾನೆಟ್ ಎತ್ತಿದೆನು.

ನೀರು ತುಂಬಿ 12 ಕಿ.ಮೀ. ಓಡಿಸಿದೆವು. ಬಿಸಿ ತೋರಿಸುವ ಮುಳ್ಳು ನಡುವೆಯೇ ಇತ್ತು. ಬೇವಿನ ನೆರಳಿಗೆ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟೆವು. 9ನೇ ನಿಮಿಷಕ್ಕೆ ಮುಳ್ಳು ಕೆಂಪಿಗೆ ಏರಿತು. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಬೀಸಬೇಕು. ಫ್ಯಾನ್ ಬೀಸುತ್ತಿರಲಿಲ್ಲ. ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದರೆ ಅದೂ ಸುಟ್ಟಿತು. ಕೈಬ್ಯಾಟರಿಯ ಬೆಳಕು ಹಿಡಿದು ನೋಡಲಾಗಿ, ಫ್ಯಾನಿನ ಎಲೆಯನ್ನೂ ಪಕ್ಕದ ಕಬ್ಬಿಣದ ಪಟ್ಟಿಯನ್ನೂ ಸೇರಿಸಿ ಕರೀ ಉಣ್ಣೆಯ ದಾರ ಕಟ್ಟಿತ್ತು; ಫ್ಯಾನ್ ತಿರುಗಲಾಗದೆ ಫ್ಯೂಸ್ ಸುಡುತ್ತಿತ್ತು. ಮೂರು ಗಂಟು, ಮೇಲೆ ಭಂಡಾರ. ಅಂಥದೇ ದಾರವನ್ನು ನಾನು ಹಿಂದಿನ ಸಂಜೆ ಅಣ್ಣಾರಾಯರ ಬಲಗೈಯಲ್ಲಿ ನೋಡಿದ್ದೆನು. ಆಗ ಮಣ್ಣು ಮಾಡುವ ಮುನ್ನ ಅವರ ದೇಹವನ್ನು ಅಂಗಳದಲ್ಲಿ ಕೂಡಿಸಿದ್ದರು.

ಮೈಲಾರಲಿಂಗನು ಆಗ ಚಹಾ ತರಲು ಹೋಗಿದ್ದನು. ಸಿಟ್ಟಿದ್ದರೂ ಮೂರು ಕಪ್ಪು ತಂದನು. ಅಷ್ಟರಲ್ಲಿ ನಾನು ದಾರ ಕತ್ತರಿಸಿ ಅಂಬಾದಾಸ ಅವರ ಕೈಗೆ ಕೊಟ್ಟಿದ್ದೆನು.

ಅದೇ ದಿನ ಸಂಜೆ 6ಕ್ಕೆ ದುಃಖದಲ್ಲಿದ್ದವರನ್ನು ಮಾತಾಡಿಸಲು ಅವರ ಮನೆಗೆ ಹೋದೆನು. ನಾನು ಕೇಳದೆಯೇ ಸೋಮವ್ವ ವೈನಿ, ಎರಡು ಉಣ್ಣೆ ಕಂಕಣ ಹೊಸೆದಿದ್ದೆ, ಒಂದು ಇವರ ಕೈಗೆ, ಒಂದು ಗಾಡಿಯ ಹೊಟ್ಟೆಯೊಳಗಿನ ಗಾಲಿಗೆ, ಸಡಿಲ ಆಗಬಾರದಂತ ಬಿಗಿದು ಕಟ್ಟಿದ್ದೆ ಎಂದು ಹೇಳಿದರು. ಆಮೇಲೆ, ಕಲ್ಲಣ್ಣಾ, ಎರಡು ಸಾಲಲಿಲ್ಲ ಕಾಣ್ತದ, ಇನ್ನೊಂದು ಕಟ್ಟಬೇಕಿತ್ತೇನೋ ಎಂದು ಕೇಳಿದರು. ನಾನು, ಇಲ್ಲ ವೈನಿ, ನೀವು ಕಟ್ಟಿದ್ದು ಬರೋಬ್ಬರಿ ಇತ್ತು ಎಂದೆನು.

ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇದೆ. ಬಾಗಿಲ ಹೊರಗೆ ಬೆಂಚಿನ ಮೇಲೆ ಸೋಮವ್ವ ವೈನಿ ಮಗನೊಂದಿಗೆ ಕೂತಿರುವುದರಿಂದ ಬೇಡವೆಂದೆನು. ಅಂಬಾದಾಸ ಅವರು ಕಾಗದ ನನ್ನ ಕೈಗೆ ಕೊಟ್ಟರು. ಮನಸ್ಸಿನಲ್ಲೇ ಓದಿಕೊಂಡೆನು; ಬರೆದದ್ದೆಲ್ಲ ಖರೆ ಇದೆ. ಈಗ ಹೊರಗೆ ಹೋಗಿ, ಫ್ಯಾನ್ ನಾನೇ ತಪ್ಪು ಜೋಡಿಸಿದ್ದೆನೆಂದು ಆ ಇಬ್ಬರಿಗೆ ಹೇಳುವವನಿದ್ದೇನೆ. ಅದು ಸುಳ್ಳು. ಅದನ್ನು ಈ ಹೇಳಿಕೆಯಲ್ಲಿ ಸೇರಿಸಬಾರದಾಗಿ ವಿನಂತಿ.

ಸ್ಥಳ: ಅಕ್ಕಲಕೋಟ
ದಿನಾಂಕ: 13 ಮೇ 2023
ಸಹಿ: ಕಲ್ಲಣ್ಣ ಚ. ಬಿರಾದಾರ