ಕುಂಕುಮ ಹಚ್ಚಿದ ಕಾರ್ಡು

ಡೊಂಬಿವಲಿ ಲೋಕಲ್ಲಿನ ಹೆಂಗಸರ ಬೋಗಿಯಲ್ಲಿ ಬಟಾಣಿ ಸುಲಿಯುತ್ತ ಕುಳಿತಿದ್ದ ಪ್ರತಿಭಾಳ ಕಿವಿ ಎದುರು ಸೀಟಿನ ಅತ್ತೆ ಸೊಸೆಯರ ಮಾತಿನತ್ತಲೇ ಇತ್ತು.

"ಕ್ರೆಡಿಟ್ ಕಾರ್ಡಿನ ಬಿಲ್ ಕಟ್ಟೋ ಕೊನೇ ದಿನವೇ ದೀಪಾವಳಿ ಲಕ್ಷ್ಮೀಪೂಜೆ ಬಂತು. ಇವತ್ತು ಮನೆಯಿಂದ ದುಡ್ಡು ಆಚೆ ಹೋಗಬಾರದು ಅಂತ ಕಾರ್ಡಿಗೂ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟೋರು ನೀವೇ ಅಲ್ವಾ ಅತ್ತೆ?"

"ಅವತ್ತೊಂದಿನ ಬೇಡ ಅಂದೆ ಕಣೇ ಕೇತಕಿ. ಮಾರನೇ ದಿನ ಕಟ್ಟೋಕೆ ಯಾರು ಅಡ್ಡ ಬಂದಿದ್ರು?"

"ಚಕ್ಕುಲಿ ಹಂಚೋ ಗದ್ದಲದಲ್ಲಿ ತಿಂಗಳು ಪೂರ್ತಿ ಮರೆತೇಬಿಟ್ಟೆ. ಈಗ ನನ್ನ ಕ್ರೆಡಿಟ್ ಸ್ಕೋರು ಕುಸಿದಿದೆ, ಬ್ಯಾಂಕಿನೋರು ಮನೆ ಸಾಲ ಕೊಡಲ್ಲ ಅಂತಾರೆ."

"ಅದಕ್ಕೇ ತಾನೇ ರಜೆ ಹಾಕಿ ನಾನೂ ಬ್ಯಾಂಕಿಗೆ ಹೊರಟಿರೋದು? ಫ್ರಿಜ್ಜಿನ ಕಂತು ಒಂದೂ ತಪ್ಪಿಸಿದೋಳಲ್ಲ. ನನ್ನ ಸ್ಕೋರು ಎಂಟುನೂರ ಹನ್ನೊಂದು! ಸಾಲ ನನ್ನ ಹೆಸರಲ್ಲೇ ತಗೊಳ್ಳೋಣ."

"ಹಾಗಾದ್ರೆ ಬಾಗಿಲ ಮೇಲಿನ ಹೆಸರು?"

"ನಂದೇ ಮೊದಲು. ನಿಂದು ಕೆಳಗೆ, ಸ್ವಲ್ಪ ಸಣ್ಣಕ್ಷರದಲ್ಲಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಥಾಣೆ ಸ್ಟೇಷನ್ ಬಂತು. ಬಾಗಿಲ ಬಳಿ ಸೊಸೆ ಕೇಳಿದಳು:

"ಮುಂದಿನ ವರ್ಷ ಕಾರ್ಡನ್ನ ಪೂಜೆಗೆ ಇಡೋದು ಬೇಡ ಅಲ್ವಾ?"

"ಯಾಕೆ ಬೇಡ? ಬಿಲ್ ಕಟ್ಟಿ ಇಡೋಣ."

ಅವರು ಇಳಿದುಹೋದರು. ಪ್ರತಿಭಾ ಕೈ ಒರೆಸಿಕೊಂಡು, ಪರ್ಸಿನಿಂದ ತನ್ನ ಕಾರ್ಡು ತೆಗೆದು ನೋಡಿದಳು. ಅದರ ಮೂಲೆಯಲ್ಲೂ ದೀಪಾವಳಿಯ ಕುಂಕುಮ ಇನ್ನೂ ಅಂಟಿಕೊಂಡಿತ್ತು.