ಮೂವತ್ತು ಸಹಿಗಳ ಮನೆ

ಈ ಸಭೆಯ ಅಧ್ಯಕ್ಷರೂ ಶಾಲಾಭಿವೃದ್ಧಿ ಸಮಿತಿಯ ಹಿರಿಯರೂ ಆದ ತಿಮ್ಮರಾಯಪ್ಪನವರೇ, ಮುಖ್ಯೋಪಾಧ್ಯಾಯಿನಿ ಶಾಂತಾದೇವಿ ಮೇಡಂ ಅವರೇ, ಒಂದನೇ ತರಗತಿಯ ಕಾತ್ಯಾಯಿನಿ ಮಿಸ್ ಅವರೇ, ಕುರ್ಚಿ ಸಾಲದೆ ಶಾಮಿಯಾನದ ಹೊರಗೆ ನಿಂತಿರುವ ಪೋಷಕರೇ, ಸಭಿಕರೇ, ಮತ್ತು ಮೂರನೇ ಸಾಲಿನಲ್ಲಿ ಕುಳಿತು ನನ್ನ ಕಡೆ ನೋಡದಿರುವ ನನ್ನ ಅಪ್ಪ ಚಿನ್ನಪ್ಪನವರೇ,

ನನ್ನ ಹೆಸರು ಇಂದ್ರಾಣಿ. ಒಂದನೇ ತರಗತಿಯ ಮೈತ್ರಿಯ ತಾಯಿ. ಸಾರಕ್ಕಿ ಸಿಗ್ನಲ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಈಗಷ್ಟೇ ನಮ್ಮ ಮನೆಗೆ ‘ಮಾದರಿ ಓದುವ ಮನೆ’ ಎಂಬ ಬಹುಮಾನ ಕೊಟ್ಟಿರಿ. ಫಲಕ ನನ್ನ ಕೈಯಲ್ಲಿದೆ, ಜೊತೆಗೆ ಕೊಟ್ಟ ಪುಸ್ತಕ ಅಪ್ಪನ ಪಕ್ಕ ಕುಳಿತ ಮೈತ್ರಿಯ ತೊಡೆಯ ಮೇಲಿದೆ. ಕೃತಜ್ಞತೆಯ ಎರಡು ಮಾತು ಹೇಳಿ ಎಂದು ಮೇಡಂ ಕರೆದರು. ಎರಡು ಮಾತಿನಲ್ಲಿ ಇದು ಮುಗಿಯುವುದಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರೂ ನಾನು ನಿಲ್ಲಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಾನು ಪಿಯುಸಿ ಮುಗಿಸಿದವಳು, ಅಷ್ಟೇ. ಉಳಿದದ್ದನ್ನು ಕಲಿತದ್ದು ಕರಪತ್ರಗಳಿಂದ. ನಮ್ಮ ಅಂಗಡಿಗೆ ಸಂಘದವರು ಬರುತ್ತಾರೆ, ಕಾರ್ಮಿಕರು ಬರುತ್ತಾರೆ, ಬುದ್ಧ ವಿಹಾರದವರು, ಆರೋಗ್ಯ ಶಿಬಿರದವರು ಬರುತ್ತಾರೆ. ಸಾವಿರ ಪ್ರತಿ ಬೇಕು ಎಂದರೆ ಯಂತ್ರ ತನ್ನ ಪಾಡಿಗೆ ಓಡುತ್ತದೆ, ಮೊದಲ ಪ್ರತಿಯನ್ನು ನಾನು ನಿಂತು ಓದುತ್ತೇನೆ. ಎಂಟು ವರ್ಷ ಹೀಗೆ ಓದಿದ್ದೇನೆ. ಕಾಲೇಜಿಗೆ ಹೋಗಿದ್ದರೆ ಇಷ್ಟು ಓದುತ್ತಿದ್ದೆನೇ? ಅನುಮಾನ.

ಹಾಗೆ ಓದಿ ಓದಿ ಅಕ್ಟೋಬರಿನಲ್ಲಿ ನಾನೇ ಒಂದು ಕರಪತ್ರ ಬರೆದೆ. ‘ಪ್ರತಿ ಮನೆ, ಪ್ರತಿ ದಿನ, ಹದಿನೈದು ನಿಮಿಷ’. ಗುಲಾಬಿ ಬಣ್ಣದ ಹಾಳೆ, ನಿಮ್ಮಲ್ಲಿ ಹಲವರ ಮನೆಗೆ ಬಂದಿರಬೇಕು. ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಜೊತೆ ಮನೆಯ ಹಿರಿಯರು ದಿನವೂ ಕುಳಿತು ಓದಬೇಕು ಎಂಬುದು ಅದರ ಸಾರ. ತಿಮ್ಮರಾಯಪ್ಪನವರ ಗೇಟಿನ ಬಳಿ ಹಂಚುತ್ತಿದ್ದಾಗ ಅವರು ಕೇಳಿದ್ದು ನೆನಪಿದೆ: “ಏನಮ್ಮಾ, ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ತೀಯಾ?” ನಾನು, “ನಿಂತ್ರೆ ನಿಮ್ಮನ್ನೇ ಸೋಲಿಸ್ತೀನಿ ಸಾರ್” ಎಂದೆ. ನಕ್ಕರು. ಆದರೆ ಶಾಂತಾದೇವಿ ಮೇಡಂ ನಗಲಿಲ್ಲ. ಕರಪತ್ರ ಓದಿ, ನವೆಂಬರಿನಿಂದ ಒಂದನೇ ತರಗತಿಗೆ ‘ಮನೆ ಓದು’ ಕಾರ್ಡ್ ತಂದರು. ಮೂವತ್ತು ದಿನ, ಮೂವತ್ತು ಚೌಕ. ಓದಿದ ದಿನ ಮನೆಯವರು ಒಂದು ಸಹಿ ಹಾಕಬೇಕು. ಮೂವತ್ತೂ ತುಂಬಿದ ಒಂದೇ ಕಾರ್ಡ್ ನಮ್ಮದು. ಅದಕ್ಕೇ ಈ ಫಲಕ.

ಈಗ ಲೆಕ್ಕ ಸರಿಯಾಗಿ ಹೇಳುತ್ತೇನೆ. ಆ ಮೂವತ್ತರಲ್ಲಿ ನಾನು ಓದಿ ಸಹಿ ಹಾಕಿದ ದಿನ ಒಂದೂ ಇಲ್ಲ. ಅಂಗಡಿ ಮುಚ್ಚಿ ನಾನು ಮನೆ ಸೇರುವಾಗ ಎಂಟೂವರೆ. ಮೈತ್ರಿಯ ಅಪ್ಪ ಪ್ರಮೋದ್ ಮಧ್ಯಾಹ್ನ ಡ್ಯೂಟಿಗೆ ಹೋದರೆ ಅವಳು ಮಲಗಿದ ಮೇಲೆಯೇ ಬರುವುದು. ಕರಪತ್ರ ಬರೆದವಳ ಮನೆಯ ಸ್ಥಿತಿ ಇದು. ಆ ಸಹಿಗಳೆಲ್ಲ ನನ್ನ ಅಪ್ಪನವು.

ಅಪ್ಪ ಜಯನಗರದ ಪಾರ್ಕೊಂದರಲ್ಲಿ ಮಾಲಿಯಾಗಿದ್ದರು. ನಲವತ್ತು ವಯಸ್ಸಿನವರೆಗೆ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು. ಆಮೇಲೆ ನಮ್ಮ ಬೀದಿಯಲ್ಲಿ ಸಂಜೆ ತರಗತಿ ಶುರುವಾಯಿತು. ಹೆಸರು ಬರೆಯುವುದನ್ನು ಕಲಿಸುವಷ್ಟರಲ್ಲಿ ನಿಂತೂಹೋಯಿತು. ಅಪ್ಪನಿಗೆ ಬಂದದ್ದು ಆ ಮೂರು ಅಕ್ಷರ. ಮೊದಲ ಸಲ ಸಹಿ ಹಾಕಿದ ದಿನ ಮೇಸ್ತ್ರಿ ಕೇಳಿದನಂತೆ: “ಏನ್ ಚಿನ್ನಪ್ಪ, ಹೆಬ್ಬೆಟ್ಟಿಗೆ ರಜಾನಾ ಇವತ್ತು?” ಅಪ್ಪ ಹೇಳಿದರಂತೆ: “ಅದು ರಿಟೈರ್ ಆಯ್ತು ಸಾ. ನಂಗಿನ್ನೂ ಇಪ್ಪತ್ತು ವರ್ಷ ಐತೆ.” ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ಸಹಿ ಹಾಕುವ ಜಾಗ ಎಲ್ಲೇ ಕಂಡರೂ ಅಪ್ಪ ಜೇಬಿನಿಂದ ಪೆನ್ನು ತೆಗೆಯುತ್ತಾರೆ. ಕೊರಿಯರ್ ಹುಡುಗರಿಗೆ ನಮ್ಮ ಮನೆಯೆಂದರೆ ಬಹಳ ಇಷ್ಟ, ಪಕ್ಕದ ಮನೆಯವರ ಪಾರ್ಸೆಲ್ಲಿಗೂ ಅಪ್ಪನದೇ ಸಹಿ.

ಮೂರನೇ ಸಾಲಿನಲ್ಲಿ ಯಾರೋ ಮಾತಾಡುತ್ತಿದ್ದೀರಿ. ದಯವಿಟ್ಟು, ಇನ್ನು ಸ್ವಲ್ಪ ಹೊತ್ತು.

ನವೆಂಬರ್ ಹನ್ನೆರಡರಂದು ಅಂಗಡಿ ಬೀದಿಯಲ್ಲಿ ಕರೆಂಟ್ ಹೋಗಿ, ಅಂಗಡಿ ಐದೂವರೆಗೇ ಮುಚ್ಚಿತು. ಮನೆಗೆ ಬಂದರೆ ಒಳಗಿನಿಂದ ಓದುವ ದನಿ. ಬಾಗಿಲಲ್ಲೇ ನಿಂತೆ. ಆನೆಯೊಂದು ಬಸ್ ಹತ್ತುವ ಪುಸ್ತಕ, ಹನ್ನೆರಡು ಪುಟ, ಪುಟಕ್ಕೊಂದು ಸಾಲು. ಆನೆ ಬಂತು. ಬಸ್ಸು ಬಂತು. ಪುಸ್ತಕದಲ್ಲಿ ಇರುವುದು ಇಷ್ಟೇ. ಅಪ್ಪ ಪುಟದ ಮೇಲೆ ಬೆರಳಾಡಿಸುತ್ತಾ ಓದುತ್ತಿದ್ದರು: “ಬನಶಂಕರಿ ಬಸ್ ಸ್ಟಾಂಡಲ್ಲಿ ಆನೆ ನಿಂತೈತೆ. ಕಂಡಕ್ಟ್ರು ಅಂತಾನೆ, ಏನಕ್ಕ, ಸೊಂಡ್ಲಿಗೆ ಬೇರೆ ಟಿಕೆಟ್ ತಗೋಬೇಕು. ಆನೆ ಅಂತೈತೆ, ಹೆಂಗಸ್ರಿಗೆ ಫ್ರೀ ಅಲ್ವೇನಪ್ಪ?” ಮೈತ್ರಿ ಬಿದ್ದು ಬಿದ್ದು ನಗುತ್ತಿದ್ದಳು. ನಕ್ಕು ಮುಗಿಸಿ ಪುಟ ತಿರುಗಿಸಿ ಹೇಳಿದಳು: “ತಾತ, ಈ ಪುಟ ‘ಮಳೆ ಬಂತು’ ಅಂತ ಶುರು.” ಅಪ್ಪ, “ಹೂಂ, ಅದನ್ನೇ ಓದಕ್ಕೆ ಹೊರ್ಟಿದ್ದೆ” ಎಂದರು. ಹನ್ನೆರಡು ಸಾಲಿನ ಪುಸ್ತಕ ಮುಕ್ಕಾಲು ಗಂಟೆ ನಡೆಯಿತು. ಆನೆ ಕೊನೆಗೆ ಸಾರಕ್ಕಿಯಲ್ಲಿ ಇಳಿದು ಕೆರೆಯಲ್ಲಿ ಸ್ನಾನ ಮಾಡಿತು.

ಒಳ್ಳೆಯ ಮಗಳಾಗಿದ್ದರೆ ಅಲ್ಲೇ ಕುಳಿತು ಕೇಳುತ್ತಿದ್ದೆ. ನಾನು ಕಾರ್ಡ್ ಎತ್ತಿಕೊಂಡೆ. ಮೂವತ್ತೂ ಚೌಕಗಳಲ್ಲಿ ಚಿನ್ನಪ್ಪ, ಚಿನ್ನಪ್ಪ, ಚಿನ್ನಪ್ಪ.

“ಅಪ್ಪಾ, ಇವತ್ತಿನ್ನೂ ಹನ್ನೆರಡು. ಮೂವತ್ತರ ತನಕ ಹಾಕ್ಬಿಟ್ಟಿದ್ದೀಯಲ್ಲ!”

“ಅದಕ್ಕೇನೀಗ? ಓದೇ ಓದ್ತೀವಿ. ಖಾಲಿ ಬಿಟ್ಟಿದ್ರು, ಕೈ ಸುಮ್ನಿರ್ಲಿಲ್ಲ ಕಣಮ್ಮ.”

ನನ್ನ ಕರಪತ್ರದ ನಾಲ್ಕನೆಯ ಸಾಲು ಹೀಗಿದೆ: ‘ಮಗುವಿಗೆ ಸುಳ್ಳು ಹೇಳುವ ಮನೆ ಓದುವ ಮನೆಯಲ್ಲ.’ ಆ ಸಾಲು ನನಗೆ ಆಗ ನೆನಪಾಯಿತು. ನೆನಪಾಗಬಾರದಿತ್ತು. ನಾನು ಹೇಳಿದೆ: “ಸಹಿನೂ ಸುಳ್ಳು, ಓದೋದೂ ಸುಳ್ಳು. ನಿಂಗೆ ಓದಕ್ಕೇ ಬರಲ್ಲ. ಪುಸ್ತಕ ಹಿಡ್ಕೊಂಡು ಮಗುಗ್ಯಾಕೆ ಮೋಸ ಮಾಡ್ತೀಯ?”

ಅಪ್ಪ ಪುಸ್ತಕ ಮುಚ್ಚಿ, ಟಿವಿ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಅಂದಿನಿಂದ ಇಂದಿನವರೆಗೆ ಯಾವ ಪುಸ್ತಕವನ್ನೂ ಮುಟ್ಟಿಲ್ಲ. ಅವರು ಹೋದ ಮೇಲೆ ಮೈತ್ರಿ ನನ್ನನ್ನು ಕೇಳಿದಳು: “ತಾತಂಗೆ ಓದಕ್ಕೆ ಬರಲ್ಲ ಅಂತ ನಂಗೆ ಗೊತ್ತಿತ್ತು. ನೀನ್ಯಾಕಮ್ಮ ಹೇಳ್ದೆ?”

ಸಭಿಕರೇ, ನನಗೆ ಹೊಳೆದದ್ದು ಆಗ. ಆರು ವರ್ಷದ ಮಗು ಪ್ರತಿ ಪುಟದ ಮೊದಲ ಮಾತನ್ನು ತಾನೇ ಓದಿ ತಾತನ ಕೈಗೆ ಕೊಡುತ್ತಿತ್ತು. ಅಕ್ಷರ ಅವಳದು, ಕಥೆ ಅವರದು. ಅವಳಿಗೆ ಓದು ಬಂದದ್ದೇ ಹಾಗೆ. ಅದನ್ನು ನಾನು ಮೋಸ ಎಂದೆ.

ಆಮೇಲೆ ನಾನೇ ಓದಿಸಲು ಕುಳಿತೆ. ಅಂಗಡಿಯವರನ್ನು ಕೇಳಿಕೊಂಡು ಮೂರು ದಿನ ಬೇಗ ಬಂದೆ. ಮೈತ್ರಿ ಹನ್ನೆರಡು ಪುಟವನ್ನೂ ತಪ್ಪಿಲ್ಲದೆ ಎರಡೇ ನಿಮಿಷದಲ್ಲಿ ಓದಿ, “ಆಯ್ತಾಮ್ಮ?” ಎಂದು ಎದ್ದು ಹೋಗುತ್ತಿದ್ದಳು. ನಾಲ್ಕನೆಯ ದಿನ ಪುಸ್ತಕವನ್ನೇ ತೆಗೆಯಲಿಲ್ಲ. ನಾನೂ ಬೇಗ ಬರುವುದನ್ನು ಬಿಟ್ಟೆ.

ಹಾಗಾದರೆ ಕಾರ್ಡಿನ ಸತ್ಯವೇನು? ಮೊದಲ ಹನ್ನೆರಡು ಸಹಿ ಸಂಪೂರ್ಣ ನಿಜ. ಆ ಹನ್ನೆರಡು ಸಂಜೆ ನಮ್ಮ ಮನೆಯಲ್ಲಿ ಓದು ನಡೆದಿದೆ. ಉಳಿದ ಹದಿನೆಂಟು ಸುಳ್ಳಾದದ್ದು ಯಾರಿಂದ? ಸಹಿ ಹಾಕಿದವರಿಂದಲ್ಲ. ಅವರು ಓದುವ ಮನಸ್ಸಿನಿಂದಲೇ ಹಾಕಿದ್ದರು, ನಾನು ಓದಲು ಬಿಡಲಿಲ್ಲ. ಇನ್ನೂ ಒಂದು ಮಾತು. ಇದನ್ನು ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂತು, ಹೇಳಿಬಿಡುತ್ತೇನೆ. ಮೂವತ್ತನೇ ತಾರೀಕು ಆ ಕಾರ್ಡನ್ನು ಮೈತ್ರಿಯ ಬ್ಯಾಗಿಗೆ ಹಾಕಿದವಳು ನಾನೇ. ನೋಡಿಯೇ ಹಾಕಿದೆ. ಕರಪತ್ರ ಬರೆದವಳ ಮಗಳ ಕಾರ್ಡು ಖಾಲಿ ಹೋಗಬಾರದು ಎಂದು ಹಾಕಿದೆ.

ಇವತ್ತು ಬೆಳಿಗ್ಗೆ ಅಪ್ಪನನ್ನು ಕೇಳಿದೆ, ಇದನ್ನೆಲ್ಲ ವೇದಿಕೆಯ ಮೇಲೆ ಹೇಳಲಾ ಎಂದು. “ನಿಜ ಹೇಳೋದು ನಿನ್ ಕಸುಬಲ್ವಾ? ಹೇಳ್ಕೋ ಹೋಗು” ಎಂದರು. ಅದು ಒಪ್ಪಿಗೆಯೋ ಬೈಗುಳವೋ ತಿಳಿಯಲಿಲ್ಲ. ಆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಾರೆ.

ಕಾತ್ಯಾಯಿನಿ ಮಿಸ್, ಈ ಫಲಕವನ್ನು ಮೇಜಿನ ಮೇಲೆ ಇಡುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ತಿಂಗಳು ಕಾರ್ಡಿನಲ್ಲಿ ಸಹಿಯ ಚೌಕ ಬೇಡ. ಬೆಳಿಗ್ಗೆ ಮಗುವನ್ನೇ ಕೇಳಿ, ನಿನ್ನೆ ಪುಸ್ತಕದಲ್ಲಿ ಏನಾಯಿತು ಎಂದು. ಆನೆಗೆ ಟಿಕೆಟ್ ಕೇಳಿದರು ಎಂದು ಮಗು ಹೇಳಿದರೆ, ಅದು ಪುಸ್ತಕದಲ್ಲಿ ಇಲ್ಲ ಎಂದು ತಿದ್ದಬೇಡಿ. ನನ್ನ ಕರಪತ್ರದ ನಾಲ್ಕನೆಯ ಸಾಲನ್ನು ತೆಗೆದು ಮತ್ತೆ ಅಚ್ಚು ಹಾಕುತ್ತೇನೆ. ಹಳೆಯದು ಮನೆಯಲ್ಲಿದ್ದರೆ ಆ ಸಾಲಿನ ಮೇಲೆ ಗೀಟು ಎಳೆಯಿರಿ.

ಅಪ್ಪಾ, ಅವತ್ತು ನಾನು ಆಡಿದ್ದು ತಪ್ಪು. ಮಗುವಿನ ಎದುರಿಗೆ ಆಡಿದೆ, ಅದಕ್ಕೇ ಇಷ್ಟು ಜನರ ಎದುರಿಗೆ ಹೇಳುತ್ತಿದ್ದೇನೆ.

ಅಪ್ಪ ಈಗಲೂ ನನ್ನ ಕಡೆ ನೋಡುತ್ತಿಲ್ಲ. ಆಗ ಮೂರನೇ ಸಾಲಿನವರನ್ನು ಸುಮ್ಮನಿರಿ ಎಂದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸದ್ದು ಮಾಡುತ್ತಿರುವುದು ಅಪ್ಪ ಮತ್ತು ಮೈತ್ರಿಯೇ. ಬಹುಮಾನದ ಪುಸ್ತಕ ತೆರೆದಿದೆ. ಐದು ನಿಮಿಷದಿಂದ ಒಂದೇ ಪುಟದಲ್ಲಿದ್ದಾರೆ. ಆ ಪುಸ್ತಕವನ್ನು ನಾನು ನೋಡಿದ್ದೇನೆ, ಪುಟಕ್ಕೆ ಒಂದೇ ಸಾಲು.

ನನ್ನದು ಮುಗಿಯಿತು, ಅವರದು ಇನ್ನೂ ಇದೆ. ಚಪ್ಪಾಳೆ ತಟ್ಟುವುದಾದರೆ ಮೆಲ್ಲಗೆ ತಟ್ಟಿ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.