ನಿಂತ ಹಲಗೆ

ನಗ್ತೀಯಲ್ಲೇ ಆರ್ಡಿತ್! ಕೊಟ್ಟಿಗೆ ಚಾವಣಿ ತಲೆ ಮೇಲೆ ಬಿದ್ದಿದೆ, ಅದರ ಮೇಲೆ ಒಂಟಾರಿಯೊ ಸರೋವರದ ಕಡೆಯಿಂದ ಬಂದ ಹಿಮ ಅಷ್ಟೂ ಕೂತಿದೆ, ನಿನಗೆ ಈ ಅಕ್ಕನ ಮೂಗಿಗೆ ಹತ್ತಿದ ಆಡಿನ ಹಿಕ್ಕೆ ಕಂಡು ನಗು! ನಗು, ನಗು... ಮೆತ್ತಗೆ ಮಾತ್ರ. ಮೇಲಿಂದ ಉದುರ್ತಾ ಇದೆ.

ಆಡುಗಳಾ? ಅವಕ್ಕೆ ನಮಗಿಂತ ಬುದ್ಧಿ ಜಾಸ್ತಿ. ಮೊದಲ ಸದ್ದಿಗೇ ಓಡಿಹೋದವು. ಹುಲ್ಲು ಹಾಕೋಕೆ ಬಂದ ನಾವಿಬ್ಬರು ಪೆದ್ದಿಗಳೇ ಒಳಗೆ ಉಳಿದದ್ದು. ಫೋನು ನೋಡಿದ್ರೆ ಎರಡೂ ಅಡುಗೆಮನೇಲಿ.

ಅಯ್ಯೋ, ಈಗ ಅಳ್ತೀಯಾ? ಯಾರು ನಿನ್ನ ಬೈದ್ರು? ಹೌದು, ಚಾವಣಿ ತೊಲೆಗಳನ್ನ ಮಲಗಿಸಿ ಹೊಡೆದವಳು ನೀನೇ. ತಲೆ ತಾಗಬಾರದು ಅಂತ. ಮಲಗಿಸಿದ್ರೆ ಬಗ್ಗುತ್ತೆ ಕಣೇ, ಅಂಚಿನ ಮೇಲೆ ನಿಲ್ಲಿಸು ಅಂತ ನಾನು ಬಡ್ಕೊಂಡೆ. ನೀನು ‘ಮರ ಅದೇ ತಾನೇ, ಹೇಗಿಟ್ರೇನು’ ಅಂದೆ. ಅಪ್ಪ ಪ್ರತಿ ಹಲಗೇನೂ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡ್ತಿದ್ರಲ್ಲ? ಯಾವ ಅಂಚು ಉಬ್ಬಿದೆಯೋ ಆ ಕಡೆಗೆ ಪೆನ್ಸಿಲಲ್ಲಿ ಬಾಣ ಹಾಕ್ತಿದ್ರು, ಬಾಣ ಮೇಲಕ್ಕೆ ಬರೋ ಹಾಗೆ ನಿಲ್ಲಿಸ್ತಿದ್ರು. ನೀನು ಆ ಬಾಣಾನೇ ಪಕ್ಕಕ್ಕೆ ಮಲಗಿಸಿ ಮೊಳೆ ಹೊಡೆದೆ. ಹೋಗ್ಲಿ ಬಿಡು. ಈಗ ಬೈದು ಏನು ಬಂತು.

ಈ ಹಲಗೆ ಹಿಡ್ಕೊ, ಚಾವಣಿಗೆ ಆಸರೆ ಕೊಡೋಣ. ಒಂದು ತುದಿ ಕಲ್ಲುಗೋಡೆ ಮೇಲೆ, ಇನ್ನೊಂದು ಗೋದಲಿ ಮೇಲೆ. ಅಯ್ಯೋ, ಮತ್ತೆ ಮಲಗಿಸಿಯೇ ಇಟ್ಟೆಯಲ್ಲೇ! ನೋಡು, ನೋಡು, ನಡುವೆ ಹೊಟ್ಟೆ ಇಳಿಬಿಡ್ತಾ ಇದೆ. ಭುಜ ಕೊಟ್ಟು ನಿಲ್ಲಿಸು, ನಾನೂ ಒತ್ತುತ್ತೀನಿ. ಇನ್ನೂ... ಇನ್ನೂ... ಹಾಂ! ಕೇಳಿಸ್ತಾ? ಕಿರುಗುಟ್ಟೋದು ನಿಂತೇಹೋಯ್ತು. ಅದೇ ಹಲಗೆ ಆರ್ಡಿತ್! ಕೂದಲೆಳೆಯಷ್ಟೂ ಬಗ್ಗುತ್ತಿಲ್ಲ.

ಈಗ ಅದರ ಕೆಳಗೆ ತೂರಿ ಹಿಕ್ಕೆ ಎಸೆಯೋ ಕಿಂಡಿ ಕಡೆ ತೆವಳು. ನಾನಾ? ಬರ್ತೀನಿ, ಹಿಂದೇನೇ. ನಿಂತ ಹಲಗೆಗೆ ಒಂದೇ ಕೆಟ್ಟ ಚಾಳಿ, ಪಕ್ಕಕ್ಕೆ ಹೊರಳಿ ಮಲಗೋಕೆ ನೋಡುತ್ತೆ. ನೀನು ದಾಟೋ ತನಕ ಹಿಡ್ಕೊಂಡಿರ್ತೀನಿ. ಆಮೇಲೆ ಮೊಳೆ ಹೊಡೆದು ಬಂದುಬಿಡ್ತೀನಿ. ಇದೆ ಕಣೇ, ಜೇಬಲ್ಲಿ ಮೊಳೆ ಇದೆ. ಸುತ್ತಿಗೆ... ಕಲ್ಲಿಂದ ಹೊಡೀತೀನಿ. ಎಷ್ಟು ಪ್ರಶ್ನೆ ಕೇಳ್ತೀಯ! ಹೋಗು. ಪಕ್ಕದ ಹೊಲದ ಡೆಲ್ಬರ್ಟ್‌ನ ಕರಿ, ಟ್ರ್ಯಾಕ್ಟರ್ ತರಲಿ. ಹಾಗೇ ಒಲೆ ಮೇಲಿನ ಬೀನ್ಸ್ ಇಳಿಸು, ಸೀದುಹೋಗುತ್ತೆ.

ಹಾಂ, ಹಾಗೇ... ತಲೆ ತಗ್ಗಿಸು... ಭುಜ ಓರೆ ಮಾಡು... ಆಯ್ತು, ಇನ್ನೇನು ಬಂತು ಕಿಂಡಿ... ಯಾಕೆ ನಿಂತೆ?

ಆರ್ಡಿತ್? ಹೋಗೇ ಅಂದ್ರೆ ವಾಪಸ್ ಯಾಕೆ ತೆವಳ್ತಿದೀಯ? ಏಯ್... ನನ್ನ ಜೇಬಿಗೆ ಯಾಕೆ ಕೈ ಹಾಕ್ತೀಯ? ಬೇಡ ಕಣೇ, ತೆಗಿ... ತೆಗಿ ಅಂದೆ...

ಹೌದು. ಖಾಲಿ.

ಮೊಳೆ ಇಲ್ಲ. ಬೆಣೆ ಇಡೋಕೆ ಒಂದು ಚೂರು ಕಟ್ಟಿಗೇನೂ ಇಲ್ಲ. ಹುಲ್ಲು ತುರುಕಿ ನೋಡ್ದೆ, ಜಾರ್ತು. ಯಾರಾದ್ರೂ ಹಿಡ್ಕೊಂಡೇ ಇರ್ಬೇಕು, ಅಷ್ಟೆ. ನಾನು ದೊಡ್ಡವಳು, ನನ್ನ ಕೈ ಗಟ್ಟಿ... ಬೈಬೇಕಾದ್ರೆ ಬೈ, ಮೊದಲು ಹೋಗು. ಹಾಗೆ ನೋಡ್ಬೇಡ.

ಹಲಗೆ ಜಾರ್ತಾ ಇಲ್ಲ. ಹಿಡಿತ ಬದಲಿಸಿದೆ, ಅಷ್ಟೆ... ಚಳಿಗೆ ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ ಆರ್ಡಿತ್. ಆಗಿನಿಂದಲೇ. ನಂಗೆ ಭಯ ಆಗ್ತಿದೆ ಕಣೇ.

ನೀನ್ಯಾಕೆ ಹಲಗೆ ಹಿಡ್ಕೊಂಡೆ? ಬಿಡು. ಇಬ್ಬರೂ ಇಲ್ಲೇ ಕೂತ್ರೆ ಡೆಲ್ಬರ್ಟ್‌ನ ಯಾರು ಕರೀತಾರೆ? ಬಿಡು ಅಂದೆ...

ಇಲ್ಲ, ಇರು. ಒಂದು ಗಳಿಗೆ. ನನ್ನ ಕೈ ಬೆಚ್ಚಗಾಗೋವರೆಗೆ ಮಾತ್ರ. ಆಮೇಲೆ ಓಡು.